ಅಟ್ಟದ ಬಿಸಿನೀರ ಪೈಪಿಗೆ ಹೊದಿಕೆ

ನಮ್ಮ ಹನಗೋಡು ಕಡೆ ಸೋಲಾರ್ ಹೀಟರ್ ಹಾಕಿಸಿದ ಕೆಲವು ಮನೆಗಳಲ್ಲಿ ಒಂದು ದೂರು ಕೇಳುತ್ತೇನೆ. ಟ್ಯಾಂಕಿನ ನೀರು ಕೈ ಸುಡುತ್ತೆ, ಬಚ್ಚಲಿಗೆ ಬರೋ ಹೊತ್ತಿಗೆ ಉಗುರುಬೆಚ್ಚಗೆ. ಧನುರ್ಮಾಸದ ಚಳಿಯಲ್ಲಿ ವಯಸ್ಸಾದವರಿಗೆ ಅದು ಸಾಲದು. ಮತ್ತೆ ಹಂಡೆ ಒಲೆಗೆ ಸೌದೆ ಒಟ್ಟಬೇಕು. ಹಾಗಾದರೆ ಸೋಲಾರಿಗೆ ದುಡ್ಡು ಹಾಕಿ ಏನು ಬಂತು?

ನಮ್ಮಲ್ಲಿ ಟ್ಯಾಂಕು ಮುಂದಿನ ತಾರಸಿ ಮೇಲೆ, ಬಚ್ಚಲು ಹಿತ್ತಿಲ ಕಡೆ. ನಡುವೆ 30 ಅಡಿ ಪೈಪು ಹೆಂಚಿನ ಕೆಳಗೆ ಅಟ್ಟದಲ್ಲಿ ಹಾಯುತ್ತದೆ. ಹೆಂಚಿನ ಸಂದಿಯಲ್ಲಿ ನುಗ್ಗುವ ಗಾಳಿ ಪೈಪಿನ ಬಿಸಿಯನ್ನು ಹೀರುತ್ತದೆ. ಹೊಗೆಸೊಪ್ಪು ಬೇಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾರನ್ನಿನಲ್ಲಿ ಸಂದಿ ಇದ್ದರೆ ಸೌದೆ ಎಷ್ಟು ಹೆಚ್ಚು ಬೇಕು ಅಂತ ಗೊತ್ತೇ ಇದೆ.

ಹಿಮ ಬೀಳುವ ದೇಶಗಳಲ್ಲಿ ಪೈಪಿನೊಳಗೆ ನೀರು ಹೆಪ್ಪುಗಟ್ಟಿ, ಹಿಗ್ಗಿ, ಪೈಪೇ ಒಡೆಯುತ್ತೆ. ಅದಕ್ಕೆ ಅವರು ಹೊದಿಸುತ್ತಾರೆ. ನಮಗೆ ಆ ಭಯವಿಲ್ಲ, ಬಿಸಿ ಉಳಿದರೆ ಸಾಕು.

ಹೊದಿಸುವ ಕ್ರಮ

ಎಸಿ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಪೇಟೆಯಲ್ಲಿ ಸಿಗುತ್ತದೆ. ಮೊದಲು ಸೋರಿಕೆ ನೋಡಿಕೊಳ್ಳಿ. ಫೋಮನ್ನು ಉದ್ದಕ್ಕೆ ಸೀಳಿ ಪೈಪಿಗೆ ತೊಡಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ಬೆಂಡು, ಜಾಯಿಂಟು ಬರಿದಾಗಿ ಬಿಡಬೇಡಿ. ಇಲಿ ಕಡಿಯದಂತೆ ಹಳೆಯ ಎರಡಿಂಚಿನ ಪಿವಿಸಿ ಪೈಪನ್ನು ಒಂದು ಬದಿ ಸೀಳಿ ಮೇಲೆ ಹಾಕಿ. ಹುಲ್ಲು ಸುತ್ತಬೇಡಿ. ಇಲಿ ಗೂಡು ಕಟ್ಟುತ್ತೆ, ಒಲೆಯ ಕಿಡಿಗೂ ಅಪಾಯ. ಗೋಣಿ ಸುತ್ತಿದರೆ ನೆನೆಯದ ಹಾಗೆ ನೋಡಿಕೊಳ್ಳಬೇಕು. ಒದ್ದೆ ಹೊದಿಕೆ ಬಿಸಿಯನ್ನು ತಡೆಯದು. ಟ್ಯಾಂಕಿನ ಮೇಲಿನ ಗಾಳಿಕೊಳವೆಯ ಬಾಯಿ ಮಾತ್ರ ಯಾವತ್ತೂ ಮುಚ್ಚಬಾರದು.

ಎಷ್ಟು ಲಾಭ?

ಹೊದಿಕೆ ಬಿಸಿ ಹುಟ್ಟಿಸುವುದಿಲ್ಲ, ಆರುವುದನ್ನು ತಡ ಮಾಡುತ್ತದೆ ಅಷ್ಟೆ. ರಾತ್ರಿಯಿಡೀ ನಿಂತ ನೀರು ಹೇಗೂ ಆರಿರುತ್ತೆ. ಮುಕ್ಕಾಲಿಂಚಿನ 30 ಅಡಿ ಪೈಪು ಎರಡು ಲೀಟರಿಗೂ ಮಿಕ್ಕಿ ನೀರು ಹಿಡಿಯುತ್ತದೆ. ಬೆಳಗಿನ ಆ ಮೊದಲ ನೀರನ್ನು ಬಕೆಟ್ಟಿಗೆ ಹಿಡಿದು ಪಾತ್ರೆ ತೊಳೆಯಲು ಇಟ್ಟುಕೊಳ್ಳಿ. ಬೋರ್‌ವೆಲ್ ನಂಬಿದ ನಮಗೆ ಅದೂ ಲೆಕ್ಕವೇ. ಹೊದಿಕೆಯ ಲಾಭ ಕಾಣುವುದು ಆಮೇಲೆ: ಒಬ್ಬರ ಸ್ನಾನವಾಗಿ ಹದಿನೈದು ನಿಮಿಷಕ್ಕೆ ಇನ್ನೊಬ್ಬರು ಹೋದರೂ ನಲ್ಲಿಯಲ್ಲಿ ಬಿಸಿನೀರೇ ಬರುತ್ತದೆ.

ಹೊಸದಾಗಿ ಹಾಕಿಸುವವರು ಟ್ಯಾಂಕನ್ನು ಬಚ್ಚಲಿಗೆ ಹತ್ತಿರ ಇಡಿಸಿ. ಬಿಸಿನೀರಿಗೆ ಮಾಮೂಲಿ ಪಿವಿಸಿ ಬೇಡ, ಸಿಪಿವಿಸಿ ಕೇಳಿ. ಪೈಪು ಗಿಡ್ಡವಾದಷ್ಟೂ ಹೊದಿಕೆಯ ಖರ್ಚೂ ಕಡಿಮೆ.