ಪೈಥಾನ್ ವ್ಯಾಖ್ಯಾತೃಗಳ ವಿರೋಧವೂ ಅದರ ಪರಿಹಾರವೂ

ಕಂಪ್ಯೂಟರಿಗೆ ಕೊಡತಕ್ಕ ಆದೇಶಗಳನ್ನು ಮನುಷ್ಯನು ಓದಬಲ್ಲ ಕೃತಕ ಭಾಷೆಯೊಂದರಲ್ಲಿ ಬರೆದಿಟ್ಟರೆ ಆ ಬರಹಕ್ಕೆ ‘ಸ್ಕ್ರಿಪ್ಟ್’ ಎಂದು ಹೆಸರು. ಯಂತ್ರವು ಇದನ್ನು ತಾನಾಗಿ ತಿಳಿಯಲಾರದು. ಓದಿ ಅರ್ಥವನ್ನು ನಡೆಸಿಕೊಡುವುದಕ್ಕೆ ‘ಇಂಟರ್‌ಪ್ರಿಟರ್’ ಎಂಬ ಮತ್ತೊಂದು ತಂತ್ರಾಂಶವು ಬೇಕು. ಇದನ್ನು ವ್ಯಾಖ್ಯಾತೃವೆನ್ನಬಹುದು. ಒಂದೇ ಸೂತ್ರಕ್ಕೆ ಭಾಷ್ಯಕಾರರು ಭಿನ್ನಾರ್ಥಗಳನ್ನು ಹೇಳಿರುವುದು ಶಾಸ್ತ್ರಜ್ಞರಿಗೆ ಹೊಸತಲ್ಲ. ಆದರೆ ಯಾವ ಭಾಷ್ಯವು ಎದುರಿಗಿದೆಯೆಂಬುದು ಅಲ್ಲಿ ಓದುವವನಿಗೆ ತಿಳಿದಿರುತ್ತದೆ. ಕಂಪ್ಯೂಟರಿನಲ್ಲಿ ಅದು ಬಹುಮಟ್ಟಿಗೆ ಮರೆಯಾಗಿಯೇ ಇರುವುದು. ಅನರ್ಥಕ್ಕೆಲ್ಲ ಮೂಲವು ಇದೇ.

ಪದಗಣನೆ, ಛಂದೋವಿಚಾರ ಮೊದಲಾದ ಕಾರ್ಯಗಳಿಗೂ ಇಂದು ಬಳಕೆಯಲ್ಲಿರುವ ಪೈಥಾನ್ ಭಾಷೆಯನ್ನು ಹಾಲೆಂಡಿನ ಗೈಡೋ ವಾನ್ ರೋಸಮ್ ಎಂಬವನು 1991ರಲ್ಲಿ ಪ್ರಕಟಿಸಿದನು. 2008ರ ಡಿಸೆಂಬರಿನಲ್ಲಿ ಹೊರಬಂದ ಮೂರನೆಯ ಆವೃತ್ತಿಯು ಎರಡನೆಯದರೊಡನೆ ಹಲವು ಅಂಶಗಳಲ್ಲಿ ಬೇಕೆಂದೇ ಸಂಬಂಧವನ್ನು ಕಡಿದುಕೊಂಡಿತು. ಎರಡನೆಯದರ ಪೋಷಣೆಯು 2020ರ ಜನವರಿ 1ರಂದು ನಿಂತಿತಾದರೂ ಹಳೆಯ ಯಂತ್ರಗಳಲ್ಲಿ ಅದು ಉಳಿದಿರುವುದುಂಟು.

ಭೇದವು ಎಂತಹದೆಂದರೆ, ಯುಟಿಎಫ್-8 ಎಂದು ಮೊದಲಲ್ಲಿಯೇ ಸೂಚಿಸಿ ಬರೆದ ಸ್ಕ್ರಿಪ್ಟೊಂದರಲ್ಲಿ ‘ಕನ್ನಡ’ ಎಂಬ ಶಬ್ದದ ಉದ್ದವನ್ನು ಕೇಳಿದರೆ ಎರಡನೆಯ ಪೈಥಾನ್ 15 ಎಂದೂ ಮೂರನೆಯದು 5 ಎಂದೂ ಉತ್ತರ ಕೊಡುತ್ತವೆ. ಕಿವಿಗೆ ಕೇಳುವ ಅಕ್ಷರಗಳಾದರೋ ಮೂರೇ. ಎರಡನೆಯದು ಶಬ್ದವನ್ನು ಶೇಖರಿಸಿದ ಬೈಟುಗಳನ್ನು ಎಣಿಸುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು. ಮೂರನೆಯದು ಎಣಿಸುವುದು ಯೂನಿಕೋಡಿನ ಸಂಕೇತಗಳನ್ನು: ಕ, ನ, ಹಲಂತಚಿಹ್ನೆ, ನ, ಡ. ಇವೆರಡರಲ್ಲಿ ಯಾವುದೂ ಛಂದಶ್ಶಾಸ್ತ್ರದ ಅಕ್ಷರವಲ್ಲವೆಂಬುದನ್ನು ವೃತ್ತಪರೀಕ್ಷೆ ಮಾಡುವವರು ಮರೆಯಕೂಡದು. ಭಾಗಾಹಾರದಲ್ಲಿಯೂ ಹೀಗೆಯೇ: 7ನ್ನು 2ರಿಂದ ಭಾಗಿಸಿದರೆ ಹಳೆಯದು 3 ಎಂದು ಹೇಳಿ ಶೇಷವನ್ನು ನುಂಗಿಬಿಡುವುದು, ಹೊಸದು 3.5 ಎನ್ನುವುದು. ‘ಪ್ರಿಂಟ್’ ಎಂಬ ಆದೇಶದ ರೂಪವೂ ಬೇರೆಯಾಗಿರುವುದರಿಂದ ಅನೇಕ ಹಳೆಯ ಸ್ಕ್ರಿಪ್ಟುಗಳು ಹೊಸದರ ಕೈಗೆ ಸಿಕ್ಕಿದೊಡನೆ ದೋಷವನ್ನು ಸಾರಿ ನಿಲ್ಲುತ್ತವೆ. ಅದನ್ನು ಉಪಕಾರವೆಂದೇ ಎಣಿಸಬೇಕು. ಮೌನವಾಗಿ ಬಂದ ತಪ್ಪು ಸಂಖ್ಯೆಯಾದರೋ ಪ್ರಬಂಧದ ಕೋಷ್ಟಕವನ್ನು ಸೇರಿ ಪ್ರಮಾಣವಾಗಿಬಿಡುತ್ತದೆ.

ಲಿಬ್ರೆ ಆಫೀಸಿನಂತಹ ತಂತ್ರಾಂಶಗಳಲ್ಲಿ ತೊಡಕು ಇನ್ನೊಂದು ಬಗೆಯದು. ವಿಂಡೋಸಿನಲ್ಲಿ ಅದು ತನ್ನ ಪೈಥಾನನ್ನು ತನ್ನೊಡನೆಯೇ ತರುತ್ತದೆ. ಬಳಸುವವನು ಬೇರೆಯೊಂದನ್ನು ಮೊದಲೇ ಸ್ಥಾಪಿಸಿಕೊಂಡಿದ್ದರೆ ಒಂದೇ ಯಂತ್ರದಲ್ಲಿ ವ್ಯಾಖ್ಯಾತೃಗಳು ಎರಡಾಗುವುವು. ಒಂದಕ್ಕೆ ಸೇರಿಸಿದ ಲೈಬ್ರರಿಯು ಮತ್ತೊಂದಕ್ಕೆ ಕಾಣದು. ಇದಲ್ಲದೆ, ದಸ್ತಾವೇಜಿನೊಡನೆ ವ್ಯವಹರಿಸುವ ‘ಯೂನೋ’ ಎಂಬ ಸೇತುವೆಯು ಒಳಗಿನ ಪೈಥಾನಿಗೆಂದೇ ರಚಿತವಾದುದರಿಂದ ಹೊರಗಿನದು ಕರೆದರೆ ಸಾಮಾನ್ಯವಾಗಿ ಓಗೊಡುವುದಿಲ್ಲ. ಮೂರನೆಯ ಪ್ರತಿಯೊಂದನ್ನು ತಂದು ಸ್ಥಾಪಿಸುವ ಅಭ್ಯಾಸವು ಗೊಂದಲವನ್ನು ಹೆಚ್ಚಿಸುವುದೇ ಹೊರತು ಕಳೆಯುವುದಿಲ್ಲ. ಲಿಬ್ರೆ ಆಫೀಸಿನ ‘ಪ್ರೋಗ್ರಾಂ’ ಎಂಬ ಫೋಲ್ಡರಿನಲ್ಲಿರುವ ಪೈಥಾನನ್ನೇ ಪೂರ್ಣವಿಳಾಸದಿಂದ ಕರೆಯತಕ್ಕದ್ದು.

ಬರಿಯ ಹೆಸರನ್ನು ಹೇಳಿದರೆ ಯಂತ್ರವು ‘ಪಾತ್’ ಎಂಬ ಪಟ್ಟಿಯಲ್ಲಿ ಕಾಣಿಸಿದ ಫೋಲ್ಡರುಗಳನ್ನು ಅನುಕ್ರಮವಾಗಿ ಹುಡುಕಿ ಮೊದಲು ಸಿಕ್ಕಿದುದನ್ನು ಓಡಿಸುವುದು. ‘ಪೈಥಾನ್‌ಹೋಮ್’, ‘ಪೈಥಾನ್‌ಪಾತ್’ ಎಂಬ ನಿರ್ದೇಶಗಳು ಇದಕ್ಕಿಂತಲೂ ಕುಟಿಲವಾದವು. ಒಂದರ ಸಲುವಾಗಿ ಇಟ್ಟ ವಿಳಾಸವು ಎಲ್ಲವನ್ನೂ ಬಾಧಿಸುವುದು. ಒಂದರ ಲೈಬ್ರರಿಗಳನ್ನು ಇನ್ನೊಂದು ಓದಹೋಗಿ ಆರಂಭದಲ್ಲಿಯೇ ಕುಸಿಯುವುದೂ ಉಂಟು. ವಿಶೇಷ ಕಾರಣವಿಲ್ಲದಿದ್ದರೆ ಇವನ್ನು ತೆಗೆದುಹಾಕುವುದೇ ಲೇಸು.

ಸ್ವಂತ ಸ್ಕ್ರಿಪ್ಟುಗಳಿಗಾದರೆ, 2012ರ 3.3ನೆಯ ಆವೃತ್ತಿಯಿಂದ ಈಚೆಗೆ ಪೈಥಾನಿನಲ್ಲಿ ಸೇರಿರುವ ‘ವೆನ್ವ್’ ಎಂಬ ಉಪಕರಣವು ಪ್ರತಿಯೊಂದು ಕಾರ್ಯಕ್ಕೂ ಪ್ರತ್ಯೇಕ ಲೈಬ್ರರಿಗಳ ಕೋಶವನ್ನು ಕಟ್ಟಿಕೊಡುತ್ತದೆ. ಪಾಠಾಂತರದೊಡನೆ ಹಸ್ತಪ್ರತಿಯ ಸಂಕೇತವನ್ನು ಕೊಡುವಂತೆ ಗಣನೆಯ ಫಲದೊಡನೆ ವ್ಯಾಖ್ಯಾತೃವಿನ ಆವೃತ್ತಿಯನ್ನೂ ಅಚ್ಚುಮಾಡುವುದು ಉಚಿತ. ‘ಸಿಸ್’ ಎಂಬ ಅಂಗದಲ್ಲಿ ‘ವರ್ಷನ್’ ಎಂದು ಕೇಳಿದರೆ ಅದು ದೊರೆಯುತ್ತದೆ.