ನಂಬಿಕೆ ಬಿಟ್ಟವರ ನಂಟು: ಮಾರ್ಮನ್ ಮನೆಗಳೊಳಗಿನ ಬಿರುಕು

ಸಾವಿನ ಆಚೆಗೂ ಗಂಡ, ಹೆಂಡತಿ, ಮಕ್ಕಳು ಒಂದೇ ಕುಟುಂಬವಾಗಿ ಉಳಿಯುತ್ತಾರೆ ಎಂಬ ಭರವಸೆ ಮಾರ್ಮನ್ ಮತದ ತಿರುಳು. ಕ್ರೈಸ್ತರ ಬೇರೆ ಬಹುತೇಕ ಶಾಖೆಗಳಲ್ಲಿ ಮದುವೆಯ ವಚನ ಮರಣದವರೆಗೆ ಮಾತ್ರ. ಇಲ್ಲಿ ಅದು ಅನಂತಕಾಲಕ್ಕೆ. ಆದರೆ ಆ ಭರವಸೆಗೆ ಷರತ್ತಿದೆ. ಮನೆಯ ಪ್ರತಿಯೊಬ್ಬರೂ ದೀಕ್ಷಾಸ್ನಾನ ಪಡೆದು, ಟೆಂಪಲ್ ಎಂದು ಕರೆಯುವ ಪವಿತ್ರ ಮಂದಿರದ ವಿಧಿಗಳನ್ನು ಪೂರೈಸಿ, ಕೊನೆಯವರೆಗೂ ನಿಷ್ಠರಾಗಿರಬೇಕು. ಹಾಗಾಗಿ ಈ ಸಮುದಾಯದಲ್ಲಿ ಮಗನೋ ಮಗಳೋ, ಗಂಡನೋ ಹೆಂಡತಿಯೋ ‘ನನಗೆ ನಂಬಿಕೆ ಉಳಿದಿಲ್ಲ’ ಎಂದರೆ ಅದು ಅವರೊಬ್ಬರ ಅಂತರಂಗದ ಸಂಗತಿಯಾಗಿ ಉಳಿಯುವುದಿಲ್ಲ. ಉಳಿದವರ ಪರಲೋಕವೂ ಅದರಿಂದ ಕದಡುತ್ತದೆ. ಸ್ವರ್ಗದಲ್ಲಿ ನಮ್ಮ ಮನೆಯವರ ಒಂದು ಕುರ್ಚಿಯೂ ಖಾಲಿ ಇರಬಾರದು ಎಂಬುದು ಮಾರ್ಮನ್ ತಂದೆತಾಯಿಯರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು. ಆ ಮಾತಿನಲ್ಲಿ ಪ್ರೀತಿಯೂ ಇದೆ, ಬೆದರಿಕೆಯಂತೆ ಕೇಳಿಸುವ ಗುಣವೂ ಇದೆ.

ಹೀಗೆ ಹೊರನಡೆಯುವವರ ಸಂಖ್ಯೆ ಸಣ್ಣದಲ್ಲ. ಅಮೆರಿಕದ ಹೆಸರಾಂತ ಸಮೀಕ್ಷಾ ಸಂಸ್ಥೆಯೊಂದು 2007ರಲ್ಲಿ ಕೇಳಿದಾಗ, ಮಾರ್ಮನ್ನರಾಗಿ ಬೆಳೆದ 100 ಮಂದಿಯಲ್ಲಿ 70 ಮಂದಿ ತಮ್ಮನ್ನು ಈಗಲೂ ಮಾರ್ಮನ್ನರೆಂದೇ ಕರೆದುಕೊಂಡಿದ್ದರು. 2014ರ ಹೊತ್ತಿಗೆ ಆ ಸಂಖ್ಯೆ 64ಕ್ಕೆ ಇಳಿದಿತ್ತು. ಮತದ ಕೇಂದ್ರವಾದ, ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರವಿರುವ ಕೌಂಟಿಯಲ್ಲಿ 2018ರಲ್ಲಿ ಚರ್ಚಿನ ಸದಸ್ಯರ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮತ್ತೊಂದೆಡೆ ಜಗತ್ತಿನಾದ್ಯಂತ ಸುಮಾರು 1.7 ಕೋಟಿ ಸದಸ್ಯರಿದ್ದಾರೆಂದು ಚರ್ಚ್ ಹೇಳುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಮೆರಿಕದ ಹೊರಗಿನವರು. ಹೊಸಬರು ಸೇರುತ್ತಲೇ ಇದ್ದಾರೆ. ತಲೆಮಾರುಗಳಿಂದ ಒಳಗಿದ್ದ ಮನೆತನಗಳ ಮಕ್ಕಳು ಹೊರಹೋಗುತ್ತಿದ್ದಾರೆ. ಈ ಲೇಖನದ ಕಾಳಜಿ ಇರುವುದು ಆ ಎರಡನೆಯ ಗುಂಪಿನ ಮನೆಗಳ ಬಗ್ಗೆ.

ವಲಸೆಯಲ್ಲಿ ಬಿಗಿದ ಬಂಧ

ಈ ಚರ್ಚನ್ನು ಜೋಸೆಫ್ ಸ್ಮಿತ್ ಎಂಬ ಯುವಕ ಸ್ಥಾಪಿಸಿದ್ದು 1830ರ ಏಪ್ರಿಲ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯಲ್ಲಿ. ಚಿನ್ನದ ತಗಡುಗಳ ಮೇಲಿದ್ದ ಪುರಾತನ ಬರಹವನ್ನು ದೈವಸಹಾಯದಿಂದ ಅನುವಾದಿಸಿದೆನೆಂದು ಆತ ಸಾರಿದ. ಅದೇ ಬುಕ್ ಆಫ್ ಮಾರ್ಮನ್. ಅಕ್ಕಪಕ್ಕದವರ ವಿರೋಧ ಬೆನ್ನು ಬಿಡಲಿಲ್ಲ. 1838ರಲ್ಲಿ ಮಿಸ್ಸೂರಿಯ ರಾಜ್ಯಪಾಲರು, ಇವರನ್ನು ರಾಜ್ಯದಿಂದ ಹೊರಗಟ್ಟಬೇಕು, ಇಲ್ಲವೇ ನಿರ್ಮೂಲ ಮಾಡಬೇಕು ಎಂಬ ಆದೇಶವನ್ನೇ ಹೊರಡಿಸಿದರು. 1844ರಲ್ಲಿ ಇಲಿನಾಯ್‌ನ ಸೆರೆಮನೆಯೊಂದಕ್ಕೆ ನುಗ್ಗಿದ ಗುಂಪು ಸ್ಥಾಪಕನನ್ನು ಗುಂಡಿಟ್ಟು ಕೊಂದಿತು. ಉಳಿದವರು ಎತ್ತಿನ ಗಾಡಿಗಳಲ್ಲಿ, ಆಮೇಲಾಮೇಲೆ ಕೈಗಾಡಿಗಳನ್ನೂ ಎಳೆದುಕೊಂಡು, 2,000 ಕಿಲೊಮೀಟರ್‌ನಷ್ಟು ದೂರ ಸಾಗಿದರು. ಮೊದಲ ತಂಡ ಸಾಲ್ಟ್ ಲೇಕ್ ಕಣಿವೆ ತಲುಪಿದ್ದು 1847ರ ಜುಲೈನಲ್ಲಿ. ದಾರಿಯಲ್ಲಿ ಚಳಿಗೂ ರೋಗಕ್ಕೂ ಸತ್ತ ಮುತ್ತಜ್ಜಿಯರ ಕಥೆ ಇಂದಿಗೂ ಮನೆಮನೆಯಲ್ಲಿ ಮಕ್ಕಳಿಗೆ ಹೇಳುವ ಕಥೆ. ಪೂರ್ವಿಕರು ಪ್ರಾಣ ಕೊಟ್ಟು ಉಳಿಸಿದ್ದನ್ನು ನಾನು ಬಿಟ್ಟುಬಿಟ್ಟೆನೇ ಎಂಬ ಪ್ರಶ್ನೆ, ಹೊರಬಂದವರನ್ನು ವರ್ಷಗಟ್ಟಲೆ ಕಾಡುತ್ತದೆ.

ಇತಿಹಾಸ ಕಟ್ಟಿದ ಈ ಬಂಧವನ್ನು ದಿನಚರಿ ಇನ್ನಷ್ಟು ಬಿಗಿಗೊಳಿಸುತ್ತದೆ. ಪ್ರತಿ ಬಡಾವಣೆಗೂ ವಾರ್ಡ್ ಎಂಬ ಒಂದು ಸ್ಥಳೀಯ ಸಭೆ, ಅದಕ್ಕೊಬ್ಬ ಬಿಷಪ್. ಆತ ಸಂಬಳದ ಪಾದ್ರಿಯಲ್ಲ. ಪಕ್ಕದ ಮನೆಯ ದಂತವೈದ್ಯನೋ ಅಂಗಡಿಯವನೋ ಆಗಿರಬಹುದು. ವಯಸ್ಕರಿಗೆಲ್ಲ ಒಂದಲ್ಲ ಒಂದು ಸೇವೆಯ ಹೊಣೆ ಇರುತ್ತದೆ. ಬಾಣಂತಿಯ ಮನೆಗೆ ಊಟ ತಲುಪಿಸುವುದು, ಮನೆ ಬದಲಿಸುವವರ ಸಾಮಾನು ಹೊರುವುದು, ಕೆಲಸ ಕಳೆದುಕೊಂಡವರ ಅಡುಗೆಮನೆಗೆ ದಿನಸಿ ತುಂಬಿಸುವುದು ಎಲ್ಲವೂ ವಾರ್ಡಿನವರೇ. ಸೋಮವಾರ ಸಂಜೆ ಮನೆಮಂದಿ ಒಟ್ಟಿಗೆ ಕೂರುವ ಹೊತ್ತು. ತಿಂಗಳ ಮೊದಲ ಭಾನುವಾರ ಉಪವಾಸ. ಅಂದು ಐದಾರು ವರ್ಷದ ಮಕ್ಕಳೂ ವೇದಿಕೆ ಹತ್ತಿ ಈ ಚರ್ಚ್ ಸತ್ಯವೆಂದು ಸಾಕ್ಷ್ಯ ನುಡಿಯುತ್ತಾರೆ. ಆದಾಯದ ಹತ್ತನೇ ಒಂದು ಭಾಗ ಚರ್ಚಿಗೆ ಸಲ್ಲಬೇಕು. ಮದ್ಯ, ತಂಬಾಕು ಮಾತ್ರವಲ್ಲ, ಕಾಫಿ ಮತ್ತು ಚಹಾ ಕೂಡ ನಿಷಿದ್ಧ. ಇಂಥ ಮನೆಯಲ್ಲಿ ಒಂದು ಬೆಳಿಗ್ಗೆ ಮಗಳು ಕಾಫಿ ಕಾಯಿಸಿದರೆ, ಅವಳು ಬಾಯಿ ಬಿಟ್ಟು ಹೇಳದ ಮಾತೆಲ್ಲ ಆ ವಾಸನೆಯಲ್ಲೇ ಮನೆಗೆ ತಿಳಿದುಹೋಗುತ್ತದೆ. ಊರಿಗೆ ಊರೇ ಒಂದು ಮತದ್ದಾಗಿರುವಲ್ಲಿ ನಂಬಿಕೆ ಬಿಡುವುದೆಂದರೆ ಗೆಳೆಯರು, ಗಿರಾಕಿಗಳು, ಮಕ್ಕಳ ಆಟದ ಜೊತೆಗಾರರು, ಕಷ್ಟಕ್ಕಾಗುವ ನೆರೆಯವರು ಇವರೆಲ್ಲರ ನಡುವೆ ತನ್ನ ಜಾಗ ಏನೆಂದು ಮೊದಲಿನಿಂದ ಹುಡುಕಬೇಕಾಗುವುದು.

ಅನುಮಾನ ಬಂದ ದಾರಿ

ಹೊರಹೋಗುವವರ ಬಗ್ಗೆ ಬಹುಕಾಲ ಮೂರು ವಿವರಣೆಗಳು ಚಾಲ್ತಿಯಲ್ಲಿದ್ದವು: ಯಾರೋ ಮನನೋಯಿಸಿರಬೇಕು, ಶಿಸ್ತು ಪಾಲಿಸಲು ಸೋಮಾರಿತನ, ಇಲ್ಲವೇ ಗುಟ್ಟಾಗಿ ಪಾಪ ಮಾಡುವ ಆಸೆ. 2013ರ ಅಕ್ಟೋಬರ್ ಸಮ್ಮೇಳನದಲ್ಲಿ ಚರ್ಚಿನ ಅತ್ಯುನ್ನತ ನಾಯಕರೊಬ್ಬರೇ, ವಿಷಯ ಅಷ್ಟು ಸರಳವಲ್ಲವೆಂದು ಒಪ್ಪಿಕೊಂಡರು. ಹೊರಬಂದವರು ಹೇಳುವ ಕಾರಣಗಳಲ್ಲಿ ಮುಖ್ಯವಾದುದು ಇತಿಹಾಸ. ಸ್ಥಾಪಕನಿಗೆ 30ರಿಂದ 40 ಮಂದಿ ಪತ್ನಿಯರಿದ್ದಿರಬಹುದೆಂದು, ಅವರಲ್ಲಿ 14 ವರ್ಷದ ಬಾಲಕಿಯೂ ಆಗಲೇ ಬೇರೆಯವರ ಹೆಂಡತಿಯಾಗಿದ್ದವರೂ ಇದ್ದರೆಂದು 2014ರಲ್ಲಿ ಚರ್ಚೇ ತನ್ನ ಪ್ರಬಂಧವೊಂದರಲ್ಲಿ ಪ್ರಕಟಿಸಿತು. ಟೋಪಿಯೊಳಗೆ ಕಲ್ಲೊಂದನ್ನಿಟ್ಟು, ಅದರತ್ತ ನೋಡುತ್ತ ಆತ ಗ್ರಂಥವನ್ನು ಬರೆಸಿದನೆಂಬ ವಿವರವನ್ನೂ ಒಪ್ಪಿ, 2015ರಲ್ಲಿ ಆ ಕಲ್ಲಿನ ಚಿತ್ರವನ್ನೇ ಪ್ರಕಟಿಸಿತು. ಪ್ರವಾದಿ ಅಬ್ರಹಾಮನ ಬರಹವೆಂದು ಸ್ಥಾಪಕ ಅನುವಾದಿಸಿದ್ದ ಈಜಿಪ್ಟಿನ ಪಪೈರಸ್ ಹಾಳೆಗಳ ಕೆಲ ಚೂರುಗಳು 1967ರಲ್ಲಿ ಮತ್ತೆ ಸಿಕ್ಕವು. ಅವು ಸಾಮಾನ್ಯವಾದ ಶವಸಂಸ್ಕಾರದ ಪಠ್ಯಗಳೆಂದು ವಿದ್ವಾಂಸರು ಓದಿ ಹೇಳಿದರು. ಕಪ್ಪು ಜನಾಂಗದ ಪುರುಷರಿಗೆ ಪೌರೋಹಿತ್ಯ ಕೊಡಬಾರದೆಂಬ ನಿರ್ಬಂಧ ಹೋದದ್ದು 1978ರಲ್ಲಿ.

ಈ ಸಂಗತಿಗಳು ಹೊಸವಲ್ಲ; ಭಾನುವಾರದ ಪಾಠದಲ್ಲಿ ಅವು ಇರಲಿಲ್ಲ ಅಷ್ಟೆ. ಇತಿಹಾಸವನ್ನೂ ಸ್ತ್ರೀವಾದವನ್ನೂ ಕುರಿತು ಬರೆದ ಆರು ಮಂದಿಯ ಮೇಲೆ 1993ರ ಸೆಪ್ಟೆಂಬರ್‌ನಲ್ಲಿ ಚರ್ಚ್ ಶಿಸ್ತುಕ್ರಮ ಕೈಗೊಂಡು, ಹೆಚ್ಚಿನವರನ್ನು ಬಹಿಷ್ಕರಿಸಿತು. ಆದರೆ ಅಂತರ್ಜಾಲ ಬಂದ ಮೇಲೆ ಮುಚ್ಚಿಡುವ ಹಾದಿಯೇ ಇಲ್ಲವಾಯಿತು. ಅನುಮಾನಗಳನ್ನು ಶೆಲ್ಫಿನ ಮೇಲಿಟ್ಟು ಮುಂದೆ ನೋಡೋಣವೆನ್ನುವುದು ಮಾರ್ಮನ್ನರ ರೂಢಿಯ ಮಾತು. ಹೊರಬಂದವರು ತಮ್ಮ ಕಥೆಯನ್ನು ‘ನನ್ನ ಶೆಲ್ಫ್ ಮುರಿದುಬಿತ್ತು’ ಎಂದೇ ಆರಂಭಿಸುತ್ತಾರೆ. ಕೆಲವರಿಗೆ ಕೊನೆಯ ಭಾರವಾದದ್ದು ಇತಿಹಾಸವೂ ಅಲ್ಲ. 2015ರ ನವೆಂಬರ್‌ನಲ್ಲಿ ಸಲಿಂಗ ವಿವಾಹವಾದವರನ್ನು ಧರ್ಮಭ್ರಷ್ಟರೆಂದು ಕರೆದು, ಅಂಥವರ ಮನೆಯ ಮಕ್ಕಳಿಗೆ 18 ತುಂಬುವವರೆಗೆ ದೀಕ್ಷೆಯಿಲ್ಲವೆಂದ ನಿಯಮ ಬಂದಾಗ, ಸಾಲ್ಟ್ ಲೇಕ್ ನಗರದಲ್ಲಿ ಜನ ಸಾಲುಗಟ್ಟಿ ನಿಂತು ರಾಜೀನಾಮೆ ಕೊಟ್ಟರು. ಮೂರೂವರೆ ವರ್ಷದಲ್ಲಿ ಆ ನಿಯಮ ರದ್ದಾಯಿತು. ಅಷ್ಟರಲ್ಲಿ ಹೋದವರು ಹೋಗಿದ್ದರು. ಚರ್ಚಿನ ಹೂಡಿಕೆ ಸಂಸ್ಥೆ ತನ್ನ ಆಸ್ತಿಯ ಗಾತ್ರವನ್ನು ಹೆಸರಿಗಷ್ಟೇ ಇದ್ದ ಕಂಪನಿಗಳ ಮೂಲಕ ಮರೆಮಾಡಿತ್ತೆಂಬ ಪ್ರಕರಣ 2023ರಲ್ಲಿ ಒಟ್ಟು 50 ಲಕ್ಷ ಡಾಲರ್ ದಂಡದೊಂದಿಗೆ ಇತ್ಯರ್ಥವಾದದ್ದು, ಉಳಿದವರಲ್ಲೂ ಕಸಿವಿಸಿ ಹುಟ್ಟಿಸಿತು.

ಇದಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟು ಹೇಳಿದರೆ ನ್ಯಾಯವಾಗದು. ಮೇಲಿನ ಎಲ್ಲ ಸಂಗತಿಗಳನ್ನೂ ಆಳವಾಗಿ ಬಲ್ಲ, ಅವುಗಳ ಬಗ್ಗೆ ಗ್ರಂಥಗಳನ್ನೇ ಬರೆದ ಇತಿಹಾಸಕಾರರಲ್ಲಿ ಹಲವರು ಇಂದಿಗೂ ಶ್ರದ್ಧಾವಂತ ಸದಸ್ಯರು. ಪ್ರವಾದಿಗಳೂ ಮನುಷ್ಯರು, ದೇವರು ಕುಂದುಳ್ಳವರ ಕೈಯಿಂದಲೇ ಕೆಲಸ ಮಾಡಿಸುತ್ತಾನೆ ಎಂಬುದು ಅವರ ನಿಲುವು. ಆದ್ದರಿಂದ ತಿಳಿದವರು ಬಿಡುತ್ತಾರೆ, ತಿಳಿಯದವರು ಉಳಿಯುತ್ತಾರೆ ಎಂಬ ಲೆಕ್ಕ ತಪ್ಪು.

ಮನೆಯೊಳಗಿನ ಲೆಕ್ಕಾಚಾರ

ನಂಬಿಕೆ ಹೋದ ಸುದ್ದಿಯನ್ನು ಮೊದಲು ಯಾರಿಗೆ ಹೇಳುವುದು ಎಂಬುದೇ ದೊಡ್ಡ ಕಷ್ಟ. ಗಂಡನೋ ಹೆಂಡತಿಯೋ ತಿಂಗಳುಗಟ್ಟಲೆ ಒಬ್ಬರೇ ಓದಿ, ಒಬ್ಬರೇ ಅತ್ತು, ಕೊನೆಗೊಂದು ರಾತ್ರಿ ಬಾಯಿ ಬಿಡುತ್ತಾರೆ. ಕೇಳಿದವರಿಗೆ ಅದು ಮದುವೆಯ ಒಪ್ಪಂದವೇ ಮುರಿದಂತೆ. ಅವರು ಕೈ ಹಿಡಿದದ್ದು ಅನಂತಕಾಲದ ಸಂಗಾತಿಯನ್ನು. ಈಗ ಎದುರಿಗಿರುವವರು ಈ ಜನ್ಮಕ್ಕಷ್ಟೇ ಜೊತೆ. ಅಲ್ಲಿಂದ ಮುಂದಿನ ಪ್ರಶ್ನೆಗಳೆಲ್ಲ ದಿನನಿತ್ಯದವು. ಇಬ್ಬರ ದುಡಿಮೆಯಿಂದ ದಶಮಾಂಶ ಕೊಡಬೇಕೇ? ಮತದ ಗುರುತಾದ ಒಳಉಡುಪನ್ನು ತೊಡದಿದ್ದರೆ ಜೊತೆಯವರು ಏನೆಂದುಕೊಳ್ಳುತ್ತಾರೆ? ಭಾನುವಾರ ಮಕ್ಕಳನ್ನು ಯಾರು ಕರೆದೊಯ್ಯಬೇಕು, ಉಳಿದವರು ಆ ಹೊತ್ತಿನಲ್ಲಿ ಎಲ್ಲಿರಬೇಕು?

ಇವುಗಳಲ್ಲಿ ಅತ್ಯಂತ ನೋವಿನದು ಮಗುವಿಗೆ ಎಂಟು ತುಂಬಿದಾಗ ಎದುರಾಗುತ್ತದೆ. ಆ ವಯಸ್ಸಿನಲ್ಲಿ ಮಗುವಿಗೆ ದೀಕ್ಷಾಸ್ನಾನ. ಸಾಮಾನ್ಯವಾಗಿ ತಂದೆಯೇ ಬಿಳಿ ಉಡುಪು ತೊಟ್ಟು, ಮಗುವಿನ ಕೈ ಹಿಡಿದು ನೀರಿಗಿಳಿದು ಅದನ್ನು ನೆರವೇರಿಸುವುದು. ಚರ್ಚಿನಿಂದ ಹೆಸರು ತೆಗೆಸಿದ ತಂದೆಗೆ ಆ ಅಧಿಕಾರವಿಲ್ಲ. ಅಜ್ಜನೋ ಚಿಕ್ಕಪ್ಪನೋ ಆ ಸ್ಥಾನಕ್ಕೆ ಬರುತ್ತಾರೆ, ತಂದೆ ಪ್ರೇಕ್ಷಕರ ಸಾಲಿನಲ್ಲಿ ಕೂರುತ್ತಾನೆ. ಅಪ್ಪ ಯಾಕೆ ಬರಲಿಲ್ಲ ಎಂದು ಮಗು ಕೇಳುವ ಪ್ರಶ್ನೆಗೆ ಗಂಡ ಹೆಂಡತಿ ಇಬ್ಬರೂ ಒಪ್ಪುವ ಉತ್ತರ ಹುಡುಕುವುದು ಸುಲಭವಲ್ಲ.

ಮದುವೆಗಳದ್ದು ಇನ್ನೊಂದು ಕಥೆ. ಟೆಂಪಲ್ಲಿನೊಳಗೆ ಕಾಲಿಡಲು ಬಿಷಪ್ ಪ್ರಶ್ನೆ ಕೇಳಿ ಕೊಡುವ ಅರ್ಹತಾ ಪತ್ರ ಬೇಕು. ಅದಿಲ್ಲದ ತಾಯಿ ತನ್ನ ಮಗಳ ಮದುವೆಯ ವಿಧಿಯನ್ನು ಕಣ್ಣಾರೆ ನೋಡುವಂತಿಲ್ಲ. ಹೊರಗಿನ ಉದ್ಯಾನದಲ್ಲಿ ಕಾದು ಕುಳಿತು, ಆಮೇಲೆ ಫೋಟೊಗೆ ನಿಲ್ಲಬೇಕು. ಎಲ್ಲರೆದುರು ಮೊದಲು ಕಾನೂನಿನ ಮದುವೆ ಮಾಡಿಕೊಳ್ಳೋಣವೆಂದರೆ, ಅಮೆರಿಕದಲ್ಲಿ ಟೆಂಪಲ್ ವಿಧಿಗೆ ಒಂದು ವರ್ಷ ಕಾಯಬೇಕಿತ್ತು. ಬ್ರಿಟನ್ನಿನಲ್ಲಿ ಮದುವೆ ಸಾರ್ವಜನಿಕವಾಗಿ ನಡೆಯಬೇಕೆಂಬ ಕಾನೂನಿರುವುದರಿಂದ ಅಲ್ಲಿನ ಸದಸ್ಯರಿಗೆ ಈ ಕಾಯುವಿಕೆ ಇರಲೇ ಇಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕದಲ್ಲೂ ಆ ಒಂದು ವರ್ಷದ ನಿರ್ಬಂಧ ತೆಗೆಯಲಾಯಿತು. ದಶಕಗಳ ಕಾಲ ಸಾವಿರಾರು ಹೆತ್ತವರನ್ನು ಹೊರಗೆ ಕೂರಿಸಿದ್ದು ದೇವರ ಕಟ್ಟಳೆಯಲ್ಲ, ಆಡಳಿತದ ಒಂದು ನಿಯಮ ಎಂಬುದು ಆಗ ಸ್ಪಷ್ಟವಾಯಿತು. ಹೊರಬಂದ ಅನೇಕರಿಗೆ ಈ ಬದಲಾವಣೆ ಸಮಾಧಾನಕ್ಕಿಂತ ಹೆಚ್ಚಾಗಿ ಸಂಕಟ ತಂದದ್ದು ಇದೇ ಕಾರಣಕ್ಕೆ.

ಎರಡೂ ಕಡೆಯ ನೋವು

ಬಿಟ್ಟುಹೋದವರೊಡನೆ ಮಾತು ಬಿಡಬೇಕೆಂಬ ವಿಧಿ ಈ ಚರ್ಚಿನಲ್ಲಿ ಇಲ್ಲ. ಪ್ರೀತಿಯಿಂದಲೇ ನಡೆಸಿಕೊಳ್ಳಿ ಎಂದು ನಾಯಕರು ಮತ್ತೆ ಮತ್ತೆ ಹೇಳಿದ್ದಾರೆ, ಹಾಗೆ ನಡೆಸಿಕೊಂಡ ಮನೆಗಳೂ ಬೇಕಾದಷ್ಟಿವೆ. ಆದರೂ ದೂರವಾಗುವುದು ನಡೆಯುತ್ತದೆ, ಅದು ಜಗಳದಿಂದಲ್ಲ, ಮೌನದಿಂದ. ಮುಖ್ಯವಾದ ವಿಷಯ ಎತ್ತಬಾರದೆಂಬ ಎಚ್ಚರದಲ್ಲಿ ಹವಾಮಾನ, ಆಟ, ಅಡುಗೆಯ ಮಾತಷ್ಟೇ ಉಳಿಯುತ್ತದೆ. ಇನ್ನು ಕೆಲವು ಮನೆಗಳಲ್ಲಿ ಮಗನಿಗೆ ಬರುವ ಪ್ರತಿ ಕರೆ, ಪ್ರತಿ ಉಡುಗೊರೆಯ ಹಿಂದೆಯೂ ವಾಪಸ್ ಕರೆತರುವ ಉದ್ದೇಶ ಇರುತ್ತದೆ. ತನ್ನನ್ನು ನೋಡಲು ಬಂದರೋ ತಿದ್ದಲು ಬಂದರೋ ಎಂಬ ಅನುಮಾನ ಮಗನಲ್ಲಿ ಬೇರೂರುತ್ತದೆ.

ತಂದೆತಾಯಿಯ ನೋವನ್ನು ಹಗುರವಾಗಿ ಕಾಣುವುದೂ ಅಷ್ಟೇ ಅನ್ಯಾಯ. ಮಗಳು ಬದುಕಿರುವಾಗಲೇ ಅವಳನ್ನು ಕಳೆದುಕೊಂಡ ದುಃಖ ಅವರದು, ಅದರಲ್ಲಿ ನಟನೆ ಇಲ್ಲ. ನಮ್ಮ ಸಾಕುವಿಕೆಯಲ್ಲೇ ಎಲ್ಲಿ ತಪ್ಪಿತು ಎಂದು ಅವರು ತಮ್ಮನ್ನೇ ದೂರಿಕೊಳ್ಳುತ್ತಾರೆ. ವಾರ್ಡಿನವರ ಅನುಕಂಪದ ನೋಟವನ್ನೂ ಸಹಿಸಬೇಕಾಗುತ್ತದೆ. ಹೊಸದಾಗಿ ಹೊರಬಂದವರಲ್ಲಿ ಕೆಲವರು ತಾವು ಓದಿದ್ದನ್ನೆಲ್ಲ ಎಪ್ಪತ್ತು ದಾಟಿದ ತಾಯಿಯ ಮುಂದೆ ಸುರಿದು, ಅವಳನ್ನೂ ಒಪ್ಪಿಸಲು ಹೊರಡುತ್ತಾರೆ. ಮೋಸ ಹೋದೆನೆಂಬ ಸಿಟ್ಟು ಸಹಜ. ಆದರೆ ಒಂದು ಬದುಕಿನುದ್ದಕ್ಕೂ ಆಸರೆಯಾದದ್ದನ್ನು ಅವಳ ಕೈಯಿಂದ ಕಿತ್ತುಕೊಳ್ಳುವ ಹಕ್ಕು ಆ ಸಿಟ್ಟಿನಿಂದ ದೊರೆಯುವುದಿಲ್ಲ. ಬಾಳಿಕೆ ಬಂದ ಸಂಬಂಧಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ: ಇಬ್ಬರೂ ಒಬ್ಬರನ್ನೊಬ್ಬರು ಬದಲಿಸುವ ಪ್ರಯತ್ನ ಕೈಬಿಟ್ಟಿರುತ್ತಾರೆ.

ಬೆಂಗಳೂರಿನ ನಂಟು

ಈ ವಿಷಯ ಕನ್ನಡ ನಾಡಿಗೆ ತೀರ ದೂರದ್ದಲ್ಲ. 1993ರಿಂದ ಈ ಚರ್ಚಿನ ಭಾರತೀಯ ಮಿಷನ್ನೊಂದರ ನೆಲೆ ಬೆಂಗಳೂರು. 2018ರಲ್ಲಿ ಇಲ್ಲಿಗೆ ದೇಶದ ಮೊದಲ ಟೆಂಪಲ್ ಘೋಷಣೆಯಾಗಿ, 2020ರ ಡಿಸೆಂಬರ್‌ನಲ್ಲಿ ಅದಕ್ಕೆ ಭೂಮಿಪೂಜೆಯಂಥ ವಿಧಿ ನಡೆಯಿತು. ದೇಶದಲ್ಲಿ ಟೆಂಪಲ್ ಇಲ್ಲದಾಗ ಇಲ್ಲಿನ ಸದಸ್ಯರು ಅಲ್ಲಿನ ವಿಧಿಗಳಿಗಾಗಿ ವಿದೇಶಕ್ಕೇ ಹೋಗಬೇಕಿತ್ತು. ಯೂಟಾದಲ್ಲಿ ಮಕ್ಕಳು ಮತದಿಂದ ಹೊರಹೋಗುತ್ತಿದ್ದರೆ, ಇಲ್ಲಿ ಹೊಸಬರು ಒಳಬರುತ್ತಿದ್ದಾರೆ. ಅಂದರೆ ಇಲ್ಲಿ ಟೆಂಪಲ್ಲಿನ ಬಾಗಿಲ ಹೊರಗೆ ಉಳಿಯುವವರು ಹಿಂದೂಗಳೋ ಬೇರೆ ಕ್ರೈಸ್ತರೋ ಆಗಿಯೇ ಉಳಿದ ತಂದೆತಾಯಿ. ನಂಬಿಕೆ ಯಾವ ದಿಕ್ಕಿಗೆ ಬದಲಾದರೂ ಮನೆಯವರ ಮುಂದಿರುವ ಪ್ರಶ್ನೆ ಒಂದೇ: ನಂಬಿಕೆ ಬೇರೆಯಾದ ಮೇಲೂ ಒಂದೇ ಮನೆಯವರಾಗಿ ಉಳಿಯುವುದು ಹೇಗೆ?

ಯಾರ ಹೊಣೆ

ಚರ್ಚ್ ತನ್ನ ಸಿದ್ಧಾಂತ ಬದಲಿಸಬೇಕೆಂದು ಹೊರಗಿನವರು ಕೇಳುವುದು ಸರಿಯಲ್ಲ. ಒಳಗೆ ಯಾರು ಬರಬೇಕು, ಯಾವ ವಿಧಿ ಪವಿತ್ರ ಎಂದು ನಿರ್ಧರಿಸುವ ಸ್ವಾತಂತ್ರ್ಯ ಪ್ರತಿ ಧರ್ಮಕ್ಕೂ ಇದೆ. ಆದರೆ ಮನೆಗಳನ್ನು ಒಡೆಯುವ ಹಲವು ಸಂಗತಿಗಳು ಸಿದ್ಧಾಂತಗಳಲ್ಲ, ನಿಯಮಗಳು. 2019ರಲ್ಲಿ ಎರಡು ನಿಯಮ ಹೋದವು, ಸಲಿಂಗ ವಿವಾಹಿತರ ಕುರಿತದ್ದು ಮತ್ತು ಟೆಂಪಲ್ ವಿಧಿಗೆ ಒಂದು ವರ್ಷ ಕಾಯಿಸುತ್ತಿದ್ದದ್ದು; ಆಕಾಶವೇನೂ ಬೀಳಲಿಲ್ಲ. ಇನ್ನೂ ಉಳಿದಿರುವುದರಲ್ಲಿ ಒಂದನ್ನು ಹೇಳಲೇಬೇಕು. ಪ್ರೊವೊ ನಗರದಲ್ಲಿರುವ ಚರ್ಚಿನ ವಿಶ್ವವಿದ್ಯಾಲಯದಲ್ಲಿ ಬೇರೆ ಧರ್ಮದವರು ಓದಬಹುದು. ಆದರೆ ಮಾರ್ಮನ್ನರಾಗಿ ಸೇರಿ ನಡುವೆ ಮತ ತೊರೆದವರಿಗೆ ಓದು ಮುಂದುವರಿಸಲು ಅವಕಾಶವಿಲ್ಲ. ಇಪ್ಪತ್ತರ ಹರೆಯದ ಹುಡುಗ ಪದವಿಯ ಆಸೆಗೆ ಮನಸ್ಸಿನ ಮಾತನ್ನು ಬಚ್ಚಿಟ್ಟು, ಬಿಷಪ್ ಮುಂದೆ ಇಲ್ಲದ ನಂಬಿಕೆಯನ್ನು ನುಡಿಯಬೇಕಾಗುತ್ತದೆ. ಪ್ರಾಮಾಣಿಕತೆಯನ್ನು ಪ್ರವೇಶದ ಷರತ್ತಾಗಿ ಇಟ್ಟುಕೊಂಡ ಸಂಸ್ಥೆಯೇ ಸುಳ್ಳು ಹೇಳುವಂತೆ ಮಾಡುವುದು ಆ ಸಂಸ್ಥೆಗೇ ಶೋಭೆಯಲ್ಲ. ಈ ನಿಯಮ ಹೋಗಬೇಕು. ಅದನ್ನು ತೆಗೆಯಲು ಯಾವ ಧರ್ಮಗ್ರಂಥದ ಒಂದು ಸಾಲನ್ನೂ ತಿದ್ದಬೇಕಾಗಿಲ್ಲ.