ನಿಮಗಿದು ಗೊತ್ತೆ? ತಂಪಿನಲ್ಲಿ ಮಾಗಿದ ಕಾಫಿಯ ಹದವಾದ ಹುಳಿ

ಫ್ರಾನ್ಸಿನ ಬರ್ಗಂಡಿ ಸೀಮೆಯ ಪಿನೋ ನ್ವಾರ್ ತೆಳು ಸಿಪ್ಪೆಯ ಕಪ್ಪು ದ್ರಾಕ್ಷಿ. ತಂಪಿನಲ್ಲಿ ನಿಧಾನಕ್ಕೆ ಮಾಗಿದರೆ ಅದರ ವೈನಿಗೆ ಹದವಾದ ಹುಳಿ, ಹಣ್ಣಿನ ಘಮ. ಸೆಕೆ ಹೆಚ್ಚಾದರೆ ಸಿಹಿ ಏರಿ ಹುಳಿ ಇಳಿಯುತ್ತದೆ. ನಮ್ಮ ಚಿಕ್ಕಮಗಳೂರು ಬೆಟ್ಟಗಳ ಅರೇಬಿಕಾ ಕಾಫಿಯ ಜಾತಕವೂ ಹೆಚ್ಚುಕಡಿಮೆ ಇದೇ!

ಅರೇಬಿಕಾಕ್ಕೆ ಒಗ್ಗುವುದು ಸುಮಾರು 1,000ದಿಂದ 1,500 ಮೀಟರ್ ಎತ್ತರ. ಕೆಳಗಿನ ಬೆಚ್ಚಗಿನ ತೋಟಗಳು ರೊಬಸ್ಟಾಕ್ಕೆ. ಎತ್ತರದ ತಂಪು, ಮೇಲೆ ಮರದ ನೆರಳು. ಹಣ್ಣು ಸಾವಕಾಶವಾಗಿ ಮಾಗಿ ಬೀಜ ಗಟ್ಟಿಯಾಗುತ್ತದೆ. ಲೋಟದಲ್ಲಿ ತಿಳಿ ಹುಳಿಯೂ ಪರಿಮಳವೂ ಉಳಿಯುತ್ತವೆ. ಕೊಯ್ಲಿನ ಕಾಲದಲ್ಲಿ ಮೂಡಿಗೆರೆ, ಕಳಸದ ಕಡೆ ಹೋದರೆ ಕೆಂಪು ಹಣ್ಣೊಂದನ್ನು ಚೀಪಿ ನೋಡಿ: ಸಿಹಿ ಲೋಳೆ, ಒಳಗೆ ಹೊಟ್ಟೆಗೆ ಹೊಟ್ಟೆ ತಾಗಿಸಿ ಕೂತ ಎರಡು ಬೀಜ. ಪಲ್ಪರಿನಲ್ಲಿ ಸಿಪ್ಪೆ ಬಿಡಿಸಿ, ಆ ಲೋಳೆ ಹುದುಗಿ ಕರಗಿದ ಮೇಲೆ ತೊಳೆದು ಕಣದಲ್ಲಿ ಒಣಗಿಸಿದ್ದೇ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಚೆರ್ರಿ. ಹುದುಗುವ ಹಕ್ಕು ವೈನಿಗೊಂದೇ ಅಲ್ಲ!

ತಳಿಯ ಪಾತ್ರವೂ ಇದೆ. ಹೆಸರಾಂತ ಎಸ್. 795 ಅರೇಬಿಕಾ ತಯಾರಾದದ್ದು ಇದೇ ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ.

ಬರ್ಗಂಡಿ ವೈನಿನ ಹಾಗೆ ಇಲ್ಲಿಯ ಕಾಫಿಗೂ ಊರಿನ ಹೆಸರಿನ ರಕ್ಷಣೆಯಿದೆ: 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಪ್ರತ್ಯೇಕವಾಗಿ ಭೌಗೋಳಿಕ ಸೂಚ್ಯಂಕ (ಜಿಐ) ಮಾನ್ಯತೆ ಸಿಕ್ಕಿತು.

ಅಂದಹಾಗೆ, ಚಿಕೋರಿ ಧಾರಾಳವಾಗಿ ಬೆರೆಸಿದ ಪುಡಿಯಲ್ಲಿ ಈ ಹುಳಿಯನ್ನು ಹುಡುಕಬೇಡಿ, ಸಿಗುವುದಿಲ್ಲ.